ಬೇಗಂಸಾಹೇಬರ ಕುರ್ಚಿಯ ಎಡಗೈ

ಒಂದು ಕೂಸಿನ ನಾಲ್ಕು ಹಲ್ಲಿನ ಗುರುತುಗಳನ್ನು ನಾನು ಕೆರೆಸಿ ಹಾಕಿಸಿದ್ದೇನೆ. ಆ ಕೂಸು ಭೂಮಿಯ ಮೇಲೆ ಬಿಟ್ಟುಹೋಗಿದ್ದು ಅವಿಷ್ಟನ್ನೇ. ಕೆರೆದ ಕೈ ಉಳಿವೆಪ್ಪ ಬಡಿಗನದು, ಕೆರೆ ಎಂದ ಬಾಯಿ ನನ್ನದು. ಉಳಿವೆಪ್ಪನನ್ನು ಯಾರೂ ಬೈಯಬಾರದು ಎಂದು ಮೊದಲೇ ಹೇಳಿಬಿಡುತ್ತೇನೆ. ಅವನು ಎರಡು ಸಲ ಬೇಡ ಅಂದಿದ್ದ.

ನನ್ನ ಹೆಸರು ಜಯತೀರ್ಥ. ಸವಣೂರಿನ ಸಾಲೆಯಲ್ಲಿ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದೆ. ಆದರೆ ಮನೆತನದ ಕೆಲಸ ಬೇರೆ. ನಮ್ಮಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಮಠದ ಹಳೆಯ ಗ್ರಂಥಗಳ ಪ್ರತಿಗಳನ್ನು ಪಕ್ಕಪಕ್ಕಕ್ಕೆ ಇಟ್ಟುಕೊಂಡು, ಬರೆದವರ ಕೈತಪ್ಪುಗಳನ್ನು ಹುಡುಕಿ ತೆಗೆದು ಶುದ್ಧಪ್ರತಿ ಮಾಡುವವರು. ನಾನು ಏಳು ವರ್ಷದವನಿದ್ದಾಗ ಅಪ್ಪ ನನ್ನನ್ನು ಹಿರೇಕೆರೂರಿನ ಒಬ್ಬ ಆಚಾರ್ಯರ ಮನೆಗೆ ಕರೆದುಕೊಂಡು ಹೋಗಿ, ಎರಡು ಪ್ರತಿಗಳನ್ನು ಮುಂದಿಟ್ಟು, "ಎಲ್ಲೆ ಬ್ಯಾರೆ ಅದ, ತೋರ್ಸು" ಅಂದಿದ್ದರು. ತೋರಿಸಿದೆ. ಆಚಾರ್ಯರು ಒಂದು ತುಂಡು ಬೆಲ್ಲ ಕೊಟ್ಟು ತಲೆ ಸವರಿದರು. ನನ್ನ ಕಣ್ಣು ಕೆಟ್ಟದ್ದು ಆವತ್ತೇ. ಆಮೇಲೆ ಏನನ್ನು ನೋಡಿದರೂ ಅದರಲ್ಲಿರುವ ತಪ್ಪೇ ಮೊದಲು ಕಾಣುತ್ತಿತ್ತು. ಎಲೆಯ ತುದಿಗೆ ಉಪ್ಪು ಬಡಿಸುವುದು ಬೆರಳಿನಷ್ಟು ಆಚೀಚೆಯಾದರೂ ನಾನು ಊಟಕ್ಕೆ ಕೂಡುತ್ತಿರಲಿಲ್ಲ. ನನ್ನ ಹೆಂಡತಿ ಯಮುನಾಬಾಯಿ, "ಮಂದೀ ಮಾರಿ ನೋಡಿದ್ರೂ ನಿಮಗ ಕಾಗುಣಿತದ ತಪ್ಪ ಕಾಣಸ್ತದ" ಎಂದು ಆಡಿಕೊಳ್ಳುತ್ತಿದ್ದಳು. ಅದನ್ನೂ ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ಇದು ನಡೆದದ್ದು ಸಾವಿರದ ಒಂಬೈನೂರ ಮೂವತ್ತೇಳರಲ್ಲಿ. ಆಗಿನ್ನೂ ನವಾಬರ ಸಂಸ್ಥಾನವಿತ್ತು. ಊರಿನ ಹಳೆಯ ಜಹಗೀರದಾರ ಮನೆಗಳಲ್ಲಿ ಒಂದರ ಯಜಮಾನರು ಬಂದೇಸಾಬರು. ಅವರ ಅಣ್ಣ ತೀರಿಕೊಂಡು ಹತ್ತು ವರ್ಷವಾಗಿತ್ತು. ಅಣ್ಣನ ಹೆಂಡತಿ ಅಖ್ತರುನ್ನೀಸಾ ಬೇಗಂ ಅದೇ ಹವೇಲಿಯ ಹಿಂದಿನ ಎರಡು ಕೋಣೆಗಳಲ್ಲಿ ಇದ್ದರು. ಅವರಿಗೆ ಮಕ್ಕಳಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಎಲೆಬಳ್ಳಿಯ ತೋಟಕ್ಕೆ ಹೋಗುವ ಹೆಂಗಸರು ಮುಂಜಾನೆ ಎದ್ದು ಆ ಕಡೆಯ ಕಿಟಕಿಯನ್ನು ನೋಡಬಾರದು ಎನ್ನುತ್ತಿದ್ದರು. ಬಂಜೆಯ ಮುಖ ಕಂಡರೆ ಬಳ್ಳಿ ಚಿಗುರುವುದಿಲ್ಲವಂತೆ. ಇಂಥ ಮಾತನ್ನು ನಾನು ನಂಬುತ್ತಿರಲಿಲ್ಲ. ಆದರೆ ಆ ಮಾತಿನ ಒಳಗಿದ್ದ ಸಂಗತಿಯನ್ನು ನಂಬಿದ್ದೆ.

ಬಂದೇಸಾಬರ ಮಗಳಿಗೆ ಹೈದರಾಬಾದಿನ ಕಡೆಯ ಸಂಬಂಧ ಗೊತ್ತಾಯಿತು. ಬೀಗರು ದೊಡ್ಡ ಮಂದಿ. ಅವರು ಬರುವುದರೊಳಗೆ ದಿವಾಣಖಾನೆಯ ಸಾಮಾನು ಹೊಸದಾಗಬೇಕಿತ್ತು. ಒಂದು ಸೋಫಾ, ಐದು ಕುರ್ಚಿ. ಆರನೆಯ ಕುರ್ಚಿ ಬೇಗಂಸಾಹೇಬರ ಕೋಣೆಯಲ್ಲಿತ್ತು. ಅದರ ಮುಂದಿನ ಕಾಲು ಮುರಿದಿದ್ದರಿಂದ ಅದನ್ನೂ ತಂದು ಬಂಡಿಗೆ ಏರಿಸಿದರು. ಬೇಗಂಸಾಹೇಬರು ಆಗಷ್ಟೇ ತಮ್ಮ ತವರುಮನೆ ಹಾನಗಲ್ಲಿಗೆ ಹೋಗಿದ್ದರು. ಅವರನ್ನು ಕೇಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಅಣ್ಣ ಮುಂಬಯಿಯಿಂದ ತಂದ ಕುರ್ಚಿ, ಮನೆಯ ಕುರ್ಚಿ, ಅಷ್ಟೇ.

ಸಾಮಾನಿನ ಜೊತೆಗೆ ಮುಂಬಯಿಯ ಅಂಗಡಿಯ ಒಂದು ಚಿತ್ರದ ಪುಸ್ತಕವೂ ಬಂದಿತ್ತು. ಅದನ್ನು ಓದುವುದಕ್ಕೆ ನನ್ನನ್ನು ಕರೆಸಿದರು. "ಮಾಸ್ತರ್ರ, ಚಿತ್ರದಾಗ ಹೆಂಗೈತೋ ಹಂಗ ಆಗಬೇಕು" ಎಂದು ಬಂದೇಸಾಬರು ಪುಸ್ತಕವನ್ನು ನನ್ನ ಕೈಗಿಟ್ಟರು. ನನಗೆ ಇದಕ್ಕಿಂತ ಹೆಚ್ಚು ಹಿಡಿಸುವ ಮಾತು ಜಗತ್ತಿನಲ್ಲಿ ಇರಲಿಲ್ಲ. ಮೂಲ ಒಂದಿದೆ, ಪ್ರತಿ ಒಂದಿದೆ, ಹೋಲಿಸಿ ತಿದ್ದಬೇಕು.

ಉಳಿವೆಪ್ಪನ ಕೆಲಸದ ಕಟ್ಟೆ ಶಿಗ್ಗಾವಿಯ ದಾರಿಯಲ್ಲಿ, ಬೇವಿನ ಮರದ ಕೆಳಗೆ ಇತ್ತು. ಐವತ್ತು ದಾಟಿದವನು, ಆರು ಮಕ್ಕಳ ತಂದೆ, ಒಂದಕ್ಷರ ಬಾರದವನು. ದೇವರ ಪಲ್ಲಕ್ಕಿ, ಮಂಟಪ, ತೊಟ್ಟಿಲು ಮಾಡುವುದರಲ್ಲಿ ಸುತ್ತ ನಾಲ್ಕು ಊರಿಗೆ ಅವನಂಥವನಿರಲಿಲ್ಲ. ಬಂಗಾರದ ವರಕು, ಅಂದರೆ ಕಾಗದಕ್ಕಿಂತ ತೆಳ್ಳಗೆ ಬಡಿದ ಬಂಗಾರದ ಹಾಳೆ, ಹಚ್ಚುವುದೂ ಅವನಿಗೆ ಬರುತ್ತಿತ್ತು. ಸಾಲೆ ಬಿಟ್ಟ ಮೇಲೆ ನಾನು ದಿನಾ ಅಲ್ಲಿಗೆ ಹೋಗಿ ಕುಳಿತು ಪುಸ್ತಕ ಓದಿ ಹೇಳುತ್ತಿದ್ದೆ. ಆ ಹದಿನೈದು ದಿನ ನಾನು ಬಹಳ ಸುಖವಾಗಿದ್ದೆ. ಅದನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಆ ಪುಸ್ತಕದ ಪ್ರಕಾರ ಫ್ರೆಂಚರಲ್ಲಿ ಒಬ್ಬೊಬ್ಬ ರಾಜನ ಹೆಸರಿಗೆ ಒಂದೊಂದು ತರದ ಕುರ್ಚಿ. ಹದಿನೈದನೆಯ ಲೂಯಿಯ ಕಾಲದ್ದಾದರೆ ಕಾಲುಗಳು ಬಾಗಿರಬೇಕು, ಮೈಮೇಲೆಲ್ಲ ಚಿಪ್ಪು, ಬಳ್ಳಿ, ಸುರುಳಿ ಇರಬೇಕು, ಎಡಗಡೆಯ ಸುರುಳಿ ಬಲಗಡೆಗಿಂತ ಬೇರೆಯಾದರೂ ನಡೆಯುತ್ತದೆ. ಹದಿನಾರನೆಯವನ ಕಾಲಕ್ಕೆ ಅವರಿಗೆ ಈ ಬಾಗು ಬಳುಕು ಸಾಕಾಯಿತು. ಕಾಲು ನೆಟ್ಟಗಾಯಿತು, ಕಂಬದ ಹಾಗೆ ಉದ್ದುದ್ದ ಗೀರು, ಮೇಲೆ ಹೂಮಾಲೆ ಮತ್ತು ರಿಬ್ಬನ್ನಿನ ಗಂಟು.

ಉಳಿವೆಪ್ಪ ಬೀಡಿ ಹಚ್ಚಿಕೊಂಡು ಎರಡೂ ಚಿತ್ರ ನೋಡಿದ. "ಇದು ಕುಣಿಯೂ ಕಾಲು, ಇದು ನಿಂತ ಕಾಲು. ನಮ್ಮದು ಕುಣಿಯೂದು. ಅಲ್ರಿ ಮಾಸ್ತರ್ರ, ಅವರ ರಾಜಾಗೋಳಿಗೆ ಬ್ಯಾರೆ ಉದ್ಯೋಗ ಇರಲಿಲ್ಲೇನ್ರಿ?"

"ಉದ್ಯೋಗ ಇಲ್ಲದ್ದಕ್ಕ ಮಂದಿ ಹದಿನಾರನೇದವನ ತಲೀನ ತಗದ್ರು" ಅಂದೆ.

"ತಲಿ ಹೋತು, ಕುರ್ಚಿ ಉಳೀತು ಅನ್ರಿ."

ಉಳಿಯಲಿಲ್ಲ, ಅದೇ ತಮಾಷೆ ಎಂದು ನಾನು ಅವನಿಗೆ ವಿವರಿಸಿದೆ. ರಾಜರು ಹೋಗಿ ಎಪ್ಪತ್ತು ಎಂಬತ್ತು ವರ್ಷವಾದ ಮೇಲೆ ಆ ದೇಶದವರಿಗೆ ಹಳೆಯ ಕಾಲದ ಹಂಬಲ ಹತ್ತಿತು. ಅಂಥವೇ ಕುರ್ಚಿಗಳನ್ನು ಮತ್ತೆ ಹೊಸದಾಗಿ ಮಾಡಿಸಿಕೊಂಡು ಕುಳಿತರು. ಅವನ್ನು ನೋಡಿ ಬಿಲಾಯತಿಯವರು ಮಾಡಿಸಿದರು, ಅವರನ್ನು ನೋಡಿ ಮುಂಬಯಿಯ ಬಡಿಗರು ಮಾಡಿದರು. ನಮ್ಮ ಮುಂದೆ ಬೇವಿನ ಮರದ ಕೆಳಗೆ ನಿಂತಿದ್ದದ್ದು ನಕಲಿನ ನಕಲಿನ ನಕಲು.

"ಅಂದ್ರ ಸತ್ತವರನ್ನ ಎಬ್ಬಿಸಿ ಕುಂದರಿಸಿದಂಗ ಆತು" ಅಂದ ಉಳಿವೆಪ್ಪ. ನಾನು ನಕ್ಕೆ.

ಪ್ರತಿ ಕುರ್ಚಿಯದೂ ಒಂದೊಂದು ಚಿತ್ರ ಬರೆದೆ. ಅಳತೆ ಹಿಡಿದು, ಕಪ್ಪು ಮಸಿಯಲ್ಲಿ, ಇದ್ದದ್ದು ಇದ್ದ ಹಾಗೆ. ಉಳಿವೆಪ್ಪನಿಗೆ ಓದಲು ಬಾರದ್ದರಿಂದ, ತಿದ್ದಬೇಕಾದ ಕಡೆ ಕೆಂಪು ಮಸಿಯಲ್ಲಿ ಗೆರೆ ಸುತ್ತಿದೆ. ಗೆರೆಯ ಪಕ್ಕದಲ್ಲಿ ನನ್ನ ಸಮಾಧಾನಕ್ಕೆ ಕನ್ನಡದಲ್ಲಿ ಬರೆದೂ ಇಡುತ್ತಿದ್ದೆ. ಗ್ರಂಥ ತಿದ್ದುವಾಗಿನ ಅಭ್ಯಾಸ. ಸುರುಳಿ ಸವೆದಿದೆ, ಹೊಸದಾಗಿ ಕೊರೆಯಬೇಕು. ಚಿಪ್ಪಿನ ಅಂಚು ಒಡೆದಿದೆ, ತುಂಬಬೇಕು.

ಆರನೆಯ ಕುರ್ಚಿಗೆ ಬಂದಾಗ ಎಡಗೈಯ ತುದಿಯಲ್ಲಿ ಏನೋ ಕಂಡಿತು. ಈ ಕುರ್ಚಿಗಳ ಮೈ ಕಟ್ಟಿಗೆಯೇ, ಆದರೆ ಕಟ್ಟಿಗೆಯ ಮೇಲೆ ಸುಣ್ಣದ ಪುಡಿ ಮತ್ತು ಅಂಟು ಕಲಸಿದ ಬಿಳಿಯ ಲೇಪ, ಅದರ ಮೇಲೆ ಬಂಗಾರದ ವರಕು. ಕೈಯ ತುದಿ ಕೆಳಕ್ಕೆ ಸುರುಳಿಯಾಗುವ ಜಾಗದಲ್ಲಿ ಬಂಗಾರ ಒತ್ತಿಹೋಗಿ ಬಿಳಿ ಲೇಪ ತೋರುತ್ತಿತ್ತು. ಮೇಲೆ ಎರಡು ತಗ್ಗು, ಕೆಳಗೆ ಎರಡು ತಗ್ಗು, ಅಕ್ಕಿಕಾಳಿನಷ್ಟು. ಅವುಗಳ ಮೇಲೆ ಯಾರೋ ಬಹಳ ದಿನ ಕೈಯಾಡಿಸಿದ ಹಾಗೆ ಅಂಚುಗಳು ನಯವಾಗಿದ್ದವು.

ಪುಸ್ತಕ ತೆರೆದೆ. ಚಿತ್ರದಲ್ಲಿ ಅವು ಇರಲಿಲ್ಲ. ಉಳಿದ ಐದು ಕುರ್ಚಿಗಳಲ್ಲೂ ಇರಲಿಲ್ಲ. ಆರು ಪ್ರತಿಗಳಲ್ಲಿ ಐದರಲ್ಲಿ ಇಲ್ಲದ್ದು, ಮೂಲದಲ್ಲೂ ಇಲ್ಲದ್ದು ಒಂದರಲ್ಲಿ ಮಾತ್ರ ಇದ್ದರೆ ಅದು ತಪ್ಪು. ಏಳನೆಯ ವರ್ಷದಲ್ಲಿ ಬೆಲ್ಲ ತಿಂದು ಕಲಿತ ಪಾಠ ಅದು. ತಗ್ಗುಗಳನ್ನು ಒಂದೊಂದಾಗಿ ಅಳೆದು ಚಿತ್ರದಲ್ಲಿ ಬರೆದೆ. ಸುತ್ತ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಬರೆದೆ: ದೋಷ. ಪೂರ್ತಿ ಕೆರೆದು ತೆಗೆಯಬೇಕು.

ಉಳಿವೆಪ್ಪ ಹೆಬ್ಬೆರಳನ್ನು ಆ ತಗ್ಗುಗಳ ಮೇಲೆ ಇಟ್ಟು ಒಂದೊಂದಾಗಿ ಸವರಿ ನೋಡಿದ. "ಇದು ಇಲಿ ಕಡದದ್ದಲ್ರಿ ಮಾಸ್ತರ್ರ. ಕೂಸಿನ ಹಲ್ಲು ಇದ್ದಂಗ ಕಾಣತೈತಿ. ಹಲ್ಲು ಬರುವಾಗ ಒಸಡು ಕಡಿತಾವಲ್ರಿ, ಏನ್ ಸಿಕ್ಕರೂ ಕಚ್ಚತಾವು. ನಮ್ಮ ಮನ್ಯಾಗ ತೊಟ್ಟಿಲಪಟ್ಟಿ ತುಂಬ ಹಿಂಗ ಅದಾವು. ಇದನ್ನ ಬಿಟ್ಟಬಿಡೂಣೇನ್ರಿ?"

ಆಗ ನಾನಂದ ಮಾತನ್ನು ಬರೆಯಲೇಬೇಕು. "ಹುಚ್ಚಿದ್ದೀಯೇನೋ ಉಳಿವೆಪ್ಪ? ಮಕ್ಕಳಿಲ್ಲದವರ ಖೋಲ್ಯಾಗಿನ ಕುರ್ಚಿಗೆ ಕೂಸಿನ ಹಲ್ಲು ಎಲ್ಲಿಂದ ಬರ್ತಾವ?"

ಅವನು ಬೀಡಿ ಆರಿಸಿದ. ಕಾಲಿನ ಕೆಲಸ ಮೊದಲು ಮುಗಿಸುತ್ತೇನೆ ಎಂದು, ತಿಳವಳ್ಳಿಯ ಕಡೆಯಿಂದ ತರಿಸಿದ್ದ ಸಾಗವಾನಿ ತುಂಡನ್ನು ಎತ್ತಿಕೊಂಡ.

ಎರಡು ದಿನ ಬಿಟ್ಟು ಖತೀಜಾಬಿ ಬಂದಳು. ಬೇಗಂಸಾಹೇಬರ ಮನೆಗೆಲಸದವಳು, ಅವರ ಜೊತೆಗೇ ಹಾನಗಲ್ಲಿಗೆ ಹೋಗಿದ್ದವಳು. ಸರ್ವಿಸ್ ಮೋಟಾರಿನಲ್ಲಿ ಒಬ್ಬಳೇ ಬಂದು, ಇಳಿದವಳು ಮನೆಗೂ ಹೋಗದೆ ನೇರ ಕಟ್ಟೆಗೆ ಬಂದಿದ್ದಳು. ಕುರ್ಚಿ ಒಯ್ದ ಸುದ್ದಿ ಹಾನಗಲ್ಲಿಗೆ ಹೇಗೋ ಮುಟ್ಟಿತ್ತು.

"ಬೇಗಂಸಾಹೇಬರು ಹೇಳಿ ಕಳಿಸ್ಯಾರ್ರಿ. ಅವರ ಕುರ್ಚಿ ಹಂಗ ಇರಲಿ ಅಂದಾರ. ಮುರದ ಕಾಲಷ್ಟ ಹಚ್ಚರಿ. ಮ್ಯಾಲ ಏನೂ ಮುಟ್ಟಬ್ಯಾಡ್ರಿ."

"ಯಾಕಂತ?" ಅಂದೆ.

"ಅದು ನಂಗೇನ್ ಗೊತ್ರಿ. ಹಂಗ ಇರಲಿ ಅಂದಾರ."

ಇಷ್ಟು ಸ್ಪಷ್ಟವಾದ ಮಾತು. ಇದಕ್ಕೆ ಟೀಕೆ ಬೇಕಿಲ್ಲ, ಟಿಪ್ಪಣಿ ಬೇಕಿಲ್ಲ. ಆದರೂ ನಾನು ಅದಕ್ಕೊಂದು ಅರ್ಥ ಹಚ್ಚಿದೆ. ವಿಧವೆ ಹೆಣ್ಣುಮಗಳು, ಮೈದುನನ ಮನೆಯಲ್ಲಿ ಇರುವವರು, ತಮ್ಮ ಕುರ್ಚಿಗೂ ವರಕು ಹಚ್ಚಿಸಿದರೆ ಭಾರವಾಗುತ್ತದೆ ಎಂದು ಸಂಕೋಚಪಡುತ್ತಿದ್ದಾರೆ ಅಂದುಕೊಂಡೆ. ಐದು ಕುರ್ಚಿ ಫಳಫಳ ಹೊಳೆಯುವಾಗ ಗಂಡ ತಂದ ಆ ಒಂದು ಕುರ್ಚಿ ಮಾತ್ರ ಹಳೆಯದಾಗಿ ಉಳಿದರೆ ಆಮೇಲೆ ಅವರೇ ಕೊರಗುತ್ತಾರೆ, ನಾವು ಮಾಡಿಟ್ಟರೆ ನೋಡಿ ಸಂತೋಷಪಡುತ್ತಾರೆ ಎಂದೂ ಅಂದುಕೊಂಡೆ. ಇದೆಲ್ಲ ಮೇಲಿನ ಮಾತು. ಒಳಗಿನ ಮಾತು ಒಂದೇ. ಐದು ಪ್ರತಿ ಶುದ್ಧವಾಗಿ ಒಂದು ಅಶುದ್ಧವಾಗಿ ಉಳಿಯುವುದನ್ನು ನನ್ನಿಂದ ಸಹಿಸಲಾಗುತ್ತಿರಲಿಲ್ಲ.

ಖತೀಜಾಬಿ ಹೋದ ಮೇಲೆ ಉಳಿವೆಪ್ಪ ಕೆರೆಯುವ ಉಳಿಯನ್ನು ಕೆಳಗಿಟ್ಟ. "ಅವರ ಬ್ಯಾಡ ಅಂದಾರಲ್ರಿ."

"ನೀ ಕೆರಿ. ನಾ ಹೇಳ್ತೇನಿ ಅವರಿಗೆ."

"ಓದಿದವರು ನೀವು" ಅಂದ. ಆ ಮಾತಿನಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಉಳಿ ತೆಗೆದುಕೊಂಡ. ಹತ್ತು ಎಣಿಸುವುದರೊಳಗೆ ಆ ನಾಲ್ಕು ತಗ್ಗುಗಳು ಬಿಳಿಪುಡಿಯಾಗಿ ಕೆಳಗೆ ಹಾಸಿದ ಬಟ್ಟೆಯ ಮೇಲೆ ಬಿದ್ದವು.

ಬಟ್ಟೆ ಯಾಕೆ ಎಂದರೆ, ಬಂಗಾರ ಹಚ್ಚುವವರಲ್ಲಿ ಒಂದು ಪದ್ಧತಿ ಇದೆ. ಹಳೆಯ ವರಕು ಕೆರೆದಾಗ ಬಿದ್ದ ಪುಡಿಯನ್ನು ತಾವು ಇಟ್ಟುಕೊಳ್ಳುವುದಿಲ್ಲ. ಚೂರೂ ಚೆಲ್ಲದಂತೆ ಬಟ್ಟೆಯಲ್ಲಿ ಹಿಡಿದು, ಗಂಟು ಕಟ್ಟಿ, ಸಾಮಾನಿನ ಜೊತೆ ಮನೆಯವರಿಗೆ ಒಪ್ಪಿಸಬೇಕು. ಮಾಲೀಕರ ಬಂಗಾರ ಮಾಲೀಕರಿಗೆ. ಉಳಿವೆಪ್ಪ ಇದನ್ನು ವ್ರತದ ಹಾಗೆ ನಡೆಸುವವನು. ಸೋಫಾದ್ದು, ಆರು ಕುರ್ಚಿಯದು, ಎಲ್ಲ ಪುಡಿಯನ್ನೂ ಒಂದೇ ಬಟ್ಟೆಯಲ್ಲಿ ಕಟ್ಟಿದ.

ಕೆಲಸ ಮುಗಿದಾಗ ನಾನು ಆರನೆಯ ಕುರ್ಚಿಯ ಸುತ್ತ ಮೂರು ಸಲ ತಿರುಗಿ ನೋಡಿದೆ. ಪುಸ್ತಕದಲ್ಲಿದ್ದದ್ದೆಲ್ಲ ಅದರಲ್ಲಿ ಇತ್ತು. ಪುಸ್ತಕದಲ್ಲಿ ಇಲ್ಲದ್ದು ಒಂದೂ ಇರಲಿಲ್ಲ.

ಬೀಗರು ಬಂದು ಕುಳಿತು ಮೆಚ್ಚಿ ಹೋದರು. ಅವರಿದ್ದಷ್ಟು ದಿನ ಆರೂ ಕುರ್ಚಿ ದಿವಾಣಖಾನೆಯಲ್ಲೇ ಇದ್ದವು. ಆಮೇಲೆ ಆರನೆಯದನ್ನು ಹಿಂದಿನ ಕೋಣೆಗೆ ಒಯ್ದಿಟ್ಟರು. ಬೇಗಂಸಾಹೇಬರು ಹಾನಗಲ್ಲಿನಿಂದ ಬಂದದ್ದು ಅದರ ಮರುದಿನ. ಆ ಮಧ್ಯಾಹ್ನವೇ ಖತೀಜಾಬಿ ಸಾಲೆಗೆ ಬಂದು ಹೊರಗೆ ನಿಂತಳು. ಅವಳ ಮುಖ ನೋಡಿದರೆ ಮನೆಯಲ್ಲಿ ಯಾರೋ ಸತ್ತ ಹಾಗಿತ್ತು.

"ಬುರ್ಕಾ ಸೈತ ತಗೀಲಿಲ್ರಿ" ಅಂದಳು. "ಬಂದವರ ಸೀದಾ ಕುರ್ಚಿ ಕಡೆ ಹೋದ್ರು, ಕುಂತ್ರು, ಎಡಗೈ ಮ್ಯಾಲ ಕೈ ಇಟ್ರು. ದಿನಾ ಹಂಗ ಇಡತಿದ್ರು. ಆಮ್ಯಾಲ ಬಲಗೈ ಮ್ಯಾಲ ಇಟ್ರು. ಮತ್ತ ಎಡಗೈ. ಎದ್ದು ನಿಂತು, ಇದು ನನ್ನ ಕುರ್ಚಿ ಅಲ್ಲ ಅಂದ್ರು. ಇದ ಅದ ಐತ್ರಿ ಅಂತ ನಾನು ಕಾಲು ತೋರಿಸಿದೆ, ಹೊಸಾ ಕಾಲು. ಆವಾಗ ಚೀರಿದ್ರು ನೋಡ್ರಿ. ಹದಿನಾಲ್ಕು ವರ್ಷದಾಗ ಅವರ ದನಿ ಅಷ್ಟು ಏರಿದ್ದು ನಾ ಕೇಳಿಲ್ಲ. ನಿಮ್ಮನ್ನ ಕರ್ಯಾಕತ್ಯಾರ."

ದಾರಿಯಲ್ಲಿ ಉಳಿವೆಪ್ಪನ ಕಟ್ಟೆಯ ಮುಂದೆ ಹಾದುಹೋಗಬೇಕಿತ್ತು. ಅವನು ನನ್ನನ್ನೂ ಖತೀಜಾಬಿಯನ್ನೂ ನೋಡಿದ. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಹಿಂದೆ ಬಂದ. ಹವೇಲಿಯ ಹಿತ್ತಲಿನ ಬಾಗಿಲ ಬಳಿ ಅವನು ನಿಂತ, ನಾನು ಒಳಗೆ ಹೋದೆ. ಹೋಗುವ ಮೊದಲು ಮನೆಯಿಂದ ನಾನು ಬರೆದ ಆರನೆಯ ಕುರ್ಚಿಯ ಚಿತ್ರದ ಹಾಳೆಯನ್ನು ತೆಗೆದುಕೊಂಡು ಬಂದಿದ್ದೆ. ಪುಸ್ತಕದಲ್ಲಿ ಹೇಗಿದೆಯೋ ಹಾಗೆಯೇ ಮಾಡಿದ್ದೇವೆ ಎಂದು ತೋರಿಸುವುದಕ್ಕೆ. ಅಷ್ಟು ಹೊತ್ತಿನ ತನಕವೂ ನನ್ನ ತಲೆಯಲ್ಲಿದ್ದದ್ದು ನಾನು ಸರಿ ಎಂಬುದೇ.

ಕೋಣೆಯ ನಡುವೆ ಪರದೆ ಇಳಿಬಿಟ್ಟಿತ್ತು. ಕುರ್ಚಿಯನ್ನು ಪರದೆಯ ಈಚೆಗೆ ತಳ್ಳಿದ್ದರು. ಅದರ ಮೇಲೆ ಉಳಿವೆಪ್ಪ ಕಟ್ಟಿಕೊಟ್ಟ ಗಂಟು ಬಿಚ್ಚಿಕೊಂಡು ಬಿದ್ದಿತ್ತು. ಬಿಳಿಪುಡಿ, ಅದರಲ್ಲಿ ಅಲ್ಲಲ್ಲಿ ಮಿಣುಕುವ ಬಂಗಾರ.

"ಮಾಸ್ತರ್" ಎಂದರು ಬೇಗಂಸಾಹೇಬರು. ಅವರ ದನಿಯನ್ನು ನಾನು ಮೊದಲ ಸಲ ಕೇಳಿದ್ದು. ಚೀರಿದವರ ದನಿಯಲ್ಲ, ಸೋತ ದನಿ. "ಈ ಪುಡ್ಯಾಗ ಎಡಗೈದು ಯಾವುದು?"

"ಎಲ್ಲಾ ಕೂಡಿ ಹೋಗ್ಯಾವ್ರಿ" ಅಂದೆ.

"ಆರಿಸಾಕ ಬರೂದಿಲ್ಲೇನು?"

ನಾನು ಪುಡಿಯನ್ನು ನೋಡಿದೆ. ಜೀವಮಾನವೆಲ್ಲ ಒಂದರಿಂದ ಒಂದನ್ನು ಬೇರೆ ಮಾಡಿದವನು ನಾನು. "ಬರೂದಿಲ್ರಿ" ಅಂದೆ.

ಆಮೇಲೆ ಅವರು ಹೇಳಿದರು. ನನಗೆ ಹೇಳಿದರೋ ಖತೀಜಾಬಿಗೋ, ಆ ಪುಡಿಗೋ ಗೊತ್ತಿಲ್ಲ.

"ಮುಂಬೈನ್ಯಾಗ ಹುಟ್ಟಿದ್ಲು. ಸಾಹೇಬರು ಜಹಗೀರಿನ ಖಟ್ಲೆ ಸಲುವಾಗಿ ಎರಡು ವರ್ಷ ಅಲ್ಲೇ ಇದ್ರಲ್ಲ, ಆವಾಗ. ಅದಕ್ಕ ಮೊದಲು ಎರಡು ಸಲ ಹೊಟ್ಯಾಗ ನಿಂತಿರಲಿಲ್ಲ. ನಜರ್ ಆಗತೈತಿ, ವರ್ಷ ತುಂಬೂತನಕ ಊರಿಗೆ ತಿಳಿಸೂದು ಬ್ಯಾಡ ಅಂದ್ರು ಸಾಹೇಬರು. ನನ್ನ ತವರಿಗೂ ಬರೀಲಿಲ್ಲ. ವರ್ಷ ತುಂಬಿದ ಮ್ಯಾಲ ಎತ್ತಿಕೊಂಡ ಹೋಗಿ ಎಲ್ಲಾರ ಮುಂದ ನಿಲ್ಲೂಣು ಅಂದಿದ್ರು. ಈ ಕುರ್ಚಿ ಹಿಡಕೊಂಡ ನಿಲ್ಲಾಕ ಕಲತ್ಲು. ಹಲ್ಲು ಬರಾಕತ್ತಿದ್ವು, ಇಲ್ಲೆ ಕಚ್ಚಿದ್ಲು. ಹೊಸಾ ಕುರ್ಚಿ, ಸಾಹೇಬರು ನೋಡಿದ್ರ ಬೈತಾರ ಅಂತ ಅದರ ಮ್ಯಾಲ ಕರ್ಚೀಫ್ ಹಾಕಿ ಮುಚ್ಚಿದ್ದೆ. ಹತ್ತು ತಿಂಗಳಕ್ಕ ಜ್ವರಾ ಬಂತು. ಮೂರು ದಿನ."

ಖತೀಜಾಬಿ ಬಾಗಿ, ಚೆಲ್ಲುತ್ತಿದ್ದ ಪುಡಿಯ ಸುತ್ತ ಬಟ್ಟೆಯ ಅಂಚನ್ನು ಮೇಲಕ್ಕೆ ಮಡಿಸಿದಳು.

"ಮಣ್ಣು ಅಲ್ಲೇ ಆತು. ಅಕಿ ಬಟ್ಟೀನೂ ಅಲ್ಲೇ ಕೊಟ್ಟಬಿಟ್ರು. ಊರಿಗೆ ಬಂದ್ವಿ. ಹುಟ್ಟಿದ ಸುದ್ದೀನ ಹೇಳಿರಲಿಲ್ಲ, ಸತ್ತ ಸುದ್ದಿ ಯಾರಿಗೆ ಹೇಳೂದು? ಹೇಳಿದ್ರ ಯಾರು ನಂಬತಾರ? ಸಾಹೇಬರಿಗೆ ಒಬ್ಬರಿಗೆ ಗೊತ್ತಿತ್ತು, ಅವರೂ ಹೋದ್ರು. ಹದಿನಾರು ವರ್ಷ ಊರೆಲ್ಲಾ ನನ್ನ ಬಂಜಿ ಅಂತು. ಅನ್ಲಿ. ನಾ ಈ ಕುರ್ಚ್ಯಾಗ ಕುಂತು ಇಲ್ಲೆ ಬಟ್ಟು ಇಡತಿದ್ದೆ."

ನಾವು ಪ್ರಮಾಣ ಪ್ರಮಾಣ ಎಂದು ಬಡಿದುಕೊಳ್ಳುವ ಮಂದಿ. ಕಂಡದ್ದು ಪ್ರಮಾಣ, ಊಹಿಸಿದ್ದು ಪ್ರಮಾಣ, ಹೇಳಿದ್ದು ಪ್ರಮಾಣ. ಈ ಹೆಣ್ಣುಮಗಳು ತಾಯಿಯಾಗಿದ್ದಳು ಎಂಬುದಕ್ಕೆ ಉಳಿದಿದ್ದ ಒಂದೇ ಪ್ರಮಾಣ ಆ ನಾಲ್ಕು ತಗ್ಗು. ಕಣ್ಣಾರೆ ಕಂಡೆ, ಉಳಿವೆಪ್ಪ ಊಹಿಸಿ ಹೇಳಿದ, ಅವರೇ ಹೇಳಿಕಳಿಸಿದರು. ಮೂರನ್ನೂ ಬಿಟ್ಟು ನಾನು ಅಂಗಡಿಯ ಪುಸ್ತಕವನ್ನು ನಂಬಿದೆ. ಆ ನಕಲಿ ಕುರ್ಚಿಯ ಮೈಮೇಲೆ ಅಸಲು ಎಂಬುದು ಅಷ್ಟೇ ಇತ್ತು, ಅದನ್ನು ಕೆರೆಸಿದೆ.

ಆಗ ಕೈಯಲ್ಲಿದ್ದ ಹಾಳೆ ನೆನಪಾಯಿತು. ಅದರಲ್ಲಿ ಆ ನಾಲ್ಕೂ ಇದ್ದವು. ಅಳತೆ ತಪ್ಪದೆ, ಇದ್ದದ್ದು ಇದ್ದ ಹಾಗೆ. "ಬೇಗಂಸಾಹೇಬ್ರ, ಕೆರಿಯೋಕಿಂತ ಮೊದಲ ನಾ ಚಿತ್ರ ಬರದಿದ್ದೆ" ಎಂದು ಹಾಳೆಯನ್ನು ಖತೀಜಾಬಿಯ ಕೈಗೆ ಕೊಟ್ಟೆ. ಅವಳು ಪರದೆಯ ಆಚೆಗೆ ಒಯ್ದಳು.

ಒಂದು ಸಣ್ಣ ಸದ್ದು ಬಂತು. ಎಲ್ಲಿಯೋ ಕಳೆದ ಮೂಗುಬೊಟ್ಟು ಸಿಕ್ಕಾಗ ಹೆಂಗಸರು ಉಸಿರೆಳೆದುಕೊಳ್ಳುತ್ತಾರಲ್ಲ, ಅಂಥದ್ದು. "ಇವ" ಅಂದರು. "ಇವ. ಮ್ಯಾಲ ಎರಡು, ಕೆಳಗ ಎರಡು. ಮ್ಯಾಲಿನ ಬಲಗಡೆದ್ದು ಸ್ವಲ್ಪ ಸಣ್ಣದು, ಅದು ಆಮ್ಯಾಲ ಬಂದಿತ್ತು." ಹಾಳೆಯ ಮೇಲೆ ಬೆರಳು ಸರಿಯುವ ಸಪ್ಪಳ ಕೇಳುತ್ತಿತ್ತು. ನಾನು ಕಣ್ಣೊರೆಸಿಕೊಂಡೆ. ದೇವರು ದೊಡ್ಡವನು, ಏನೋ ಸ್ವಲ್ಪವಾದರೂ ಉಳಿಯಿತು ಎಂದುಕೊಂಡೆ.

ಆಮೇಲೆ ಅವರು ಕೇಳಿದರು. "ಸುತ್ತಲೂ ಕೆಂಪಂದು ಐತಿ. ಪಕ್ಕದಾಗ ಏನೋ ಬರದೀರಿ. ನಂಗ ಕನ್ನಡಾ ಓದಾಕ ಬರೂದಿಲ್ಲ. ಏನದು?"

ದೋಷ. ಪೂರ್ತಿ ಕೆರೆದು ತೆಗೆಯಬೇಕು.

ನಮ್ಮ ವಂಶದಲ್ಲಿ ಯಾರೂ ಬರೆದದ್ದನ್ನು ಬಿಟ್ಟು ಬೇರೆ ಓದಿದವರಿಲ್ಲ. ಒಂದು ಅಕ್ಷರ ತಪ್ಪಿ ಓದಿದ್ದಕ್ಕೆ ನಮ್ಮಜ್ಜ ಒಂದು ದಿನ ಉಪವಾಸವಿದ್ದರಂತೆ. ಅವರ ಮೊಮ್ಮಗ ನಾನು, ಪರದೆಯ ಕಡೆ ಮುಖ ಮಾಡಿ, ಗಟ್ಟಿಯಾಗಿ, ತಡವರಿಸದೆ ಓದಿದೆ.

"ಇಲ್ಲಿ ಒಂದು ಕೂಸಿನ ಹಲ್ಲಿನ ಗುರುತುಗಳಿವೆ ಅಂತ ಬರದದ ರೀ."

ಅವರಿಗೆ ಇದರಿಂದ ಸಮಾಧಾನವಾದೀತು ಎಂದುಕೊಂಡಿದ್ದೆ. ಯಾರೋ ಒಬ್ಬರು ಗುರುತಿಸಿದರು, ಹಾಳೆಯ ಮೇಲೆ ಬರೆದಿಟ್ಟರು ಎಂದು. ಇನ್ನೊಂದು ಕಡೆಯಿಂದ ಆ ಮಾತು ಹೇಗೆ ಕೇಳಿಸುತ್ತದೆ ಎಂದು ನಾನು ಯೋಚಿಸಲಿಲ್ಲ. ನಾನು ಯಾವತ್ತು ಯೋಚಿಸಿದ್ದೆ?

ಪರದೆಯ ಆಚೆ ಬೆರಳಿನ ಸಪ್ಪಳ ನಿಂತಿತು.

"ಗೊತ್ತಿತ್ತು?" ಅಂದರು. "ಕೂಸಿಂದು ಅಂತ ಗೊತ್ತಿದ್ದೂ ಕೆರದ್ರಿ?"

ಖತೀಜಾಬಿ ನನ್ನನ್ನು ತಿರುಗಿ ನೋಡಿದಳು.

ಸತ್ಯ ಹೇಳಿಬಿಡಬಹುದಿತ್ತು. ತಾಯೀ, ನನಗೆ ಗೊತ್ತಿರಲಿಲ್ಲ, ನಾನು ಓದಿದ್ದು ಸುಳ್ಳು. ಆಗ ನನ್ನ ತಪ್ಪು ಅರ್ಧವಾಗುತ್ತಿತ್ತು. ಆದರೆ ಅವರ ಮಗಳ ನಾಲ್ಕು ಹಲ್ಲಿನ ಪಕ್ಕದಲ್ಲಿ ದೋಷ ಎಂದು ಬರೆದಿರುವುದನ್ನು ಆ ಹೆಣ್ಣುಮಗಳು ಜೀವವಿರುವ ತನಕ ಕೈಯಲ್ಲಿ ಹಿಡಿದುಕೊಂಡು ಕೂಡಬೇಕಾಗುತ್ತಿತ್ತು. ಅದೂ ಅಲ್ಲದೆ, ಆ ಗುರುತು ಕೂಸಿನದೇ ಎಂದು ಕಣ್ಣಾರೆ ಕಂಡು ಹೇಳಿದ ಹೊರಗಿನ ಮನುಷ್ಯ ಒಬ್ಬನಾದರೂ ಅವರಿಗೆ ಇರಬೇಕಿತ್ತು.

"ಹೌದ್ರಿ" ಅಂದೆ. "ಗೊತ್ತಿತ್ತು. ತಪ್ಪಾತ್ರಿ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಕಿ ಹೆಸರು ಮೆಹರ್. ಅದನ್ನೂ ಬರೀರಿ" ಎಂದು ಹಾಳೆಯನ್ನು ಹೊರಗೆ ಕಳಿಸಿದರು. ಕೆಂಪು ಗೆರೆಯ ಪಕ್ಕ, ಆ ಮಾತುಗಳ ಕೆಳಗೆ, ಆ ಹೆಸರು ಬರೆದೆ. ಹಾಳೆ ಒಳಗೆ ಹೋಯಿತು. ನಾನು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಅವರು ಅಳುವುದು ಕೇಳಿಸಿತು. ಉಳಿವೆಪ್ಪನೂ ಕೇಳಿಸಿಕೊಂಡ. ಇಬ್ಬರೂ ತಲೆ ತಗ್ಗಿಸಿಕೊಂಡು ಹೊರಟೆವು. ದಾರಿಯಲ್ಲಿ ನಡೆದದ್ದನ್ನೆಲ್ಲ ಅವನಿಗೆ ಹೇಳಿದೆ.

ಖತೀಜಾಬಿಯ ಬಾಯಿಂದ ಆ ಸುದ್ದಿ ವಾರದೊಳಗೆ ಊರೆಲ್ಲ ಹಬ್ಬಿತು. ಬೇಗಂಸಾಹೇಬರಿಗೆ ಮುಂಬಯಿಯಲ್ಲಿ ಹೆಣ್ಣುಕೂಸು ಆಗಿತ್ತಂತೆ. ಯಾರು ಹೇಳಿದರು? ಮಾಸ್ತರರೇ ಕಂಡಾರ, ಬರದಿಟ್ಟಾರ. ಓದಿದ ಮನುಷ್ಯ, ಮಠದ ಮಂದಿ, ಸುಳ್ಳು ಹೇಳುವವರಲ್ಲ. ಹೀಗೆ ನಂಬಿದರು. ತೋಟಕ್ಕೆ ಹೋಗುವ ಹೆಂಗಸರು ಆ ಕಿಟಕಿಯನ್ನು ನೋಡುವುದಕ್ಕೆ ಹೆದರುವುದನ್ನು ಬಿಟ್ಟರು. ಮುದುಕಿ ಫಕ್ಕೀರವ್ವ ಹವೇಲಿಗೆ ಎಲೆ ಕೊಡಲು ಹೋದಾಗಲೆಲ್ಲ ಬೇಗಂಸಾಹೇಬರನ್ನು "ಮೆಹರನ ಅವ್ವ" ಎಂದೇ ಕರೆಯತೊಡಗಿದಳು. ಅವರು ಅದಕ್ಕೆ ಓ ಅನ್ನುತ್ತಿದ್ದರಂತೆ.

ನನಗೂ ಹೆಸರು ಬಂತು. ಹಲ್ಲು ಕೆರೆದ ಮಾಸ್ತರ. ಗೊತ್ತಿದ್ದೂ ಸತ್ತ ಕೂಸಿನ ಗುರುತು ಅಳಿಸಿದವನು. ಎದುರಿಗೆ ಯಾರೂ ಅನ್ನಲಿಲ್ಲ, ಆದರೆ ಬಸುರಿ ಹೆಂಗಸರು ನನ್ನನ್ನು ಕಂಡರೆ ಸೆರಗು ಮುಂದಕ್ಕೆ ಎಳೆದುಕೊಂಡು ಸರಿದುಹೋಗುತ್ತಿದ್ದರು. ಅಕ್ಕಿಆಲೂರಿನ ಸಂತೆಯಲ್ಲಿ ಗುರುತಿಲ್ಲದವಳೊಬ್ಬಳು, "ಇವನ ನೋಡು" ಎಂದು ಪಕ್ಕದವಳಿಗೆ ಬೆರಳು ಮಾಡಿ ತೋರಿಸಿದ್ದನ್ನು ಯಮುನಾಬಾಯಿ ಕಂಡಳು. ಆ ದಿನ ಮನೆಗೆ ಬಂದು ಅವಳು ಎಲೆ ಹಾಕಿದಳು. ಉಪ್ಪನ್ನು ಎಲೆಯ ತುದಿಗೆ ಸರಿಯಾಗಿ ಬಡಿಸಿದಳು.

ಬೇಗಂಸಾಹೇಬರು ನಲವತ್ತನಾಲ್ಕರಲ್ಲಿ ತೀರಿಕೊಂಡರು. ಹಾಳೆ ಅವರ ಎಲೆಅಡಿಕೆಯ ಡಬ್ಬಿಯಲ್ಲಿ ಮಡಿಸಿಟ್ಟಿತ್ತಂತೆ, ಮಡಿಕೆಗಳು ಹರಿದುಹೋಗಿದ್ದವಂತೆ. ಅದನ್ನು ಯಾರಾದರೂ ಕನ್ನಡ ಬಲ್ಲವರು ಓದಿದರೋ, ಹಾಗೆಯೇ ಅವರ ಜೊತೆಗೆ ಹೋಯಿತೋ ಖತೀಜಾಬಿ ಹೇಳಲಿಲ್ಲ. ನಾನೂ ಕೇಳಲಿಲ್ಲ. ಸಂಸ್ಥಾನ ಹೋಯಿತು, ಹವೇಲಿಯ ಸಾಮಾನು ಒಂದೊಂದಾಗಿ ಹರಾಜಾಯಿತು. ಆ ಕುರ್ಚಿ ಈಗ ಯಾರ ಮನೆಯಲ್ಲಿದೆಯೋ, ಅದರ ಎಡಗೈ ಮಾತ್ರ ಪುಸ್ತಕದಲ್ಲಿರುವ ಹಾಗೆಯೇ ಇರಬೇಕು.

ಮೊನ್ನೆ ಉಳಿವೆಪ್ಪ ಮನೆಗೆ ಬಂದಿದ್ದ. ಮುದುಕನಾಗಿದ್ದಾನೆ, ಕಣ್ಣು ಮಂಜು. ಅವನ ಮೊಮ್ಮಗಳ ಲಗ್ನದ ಮನೆಯಲ್ಲಿ ಯಾರೋ ನನ್ನ ಆ ಹೆಸರು ಎತ್ತಿದರಂತೆ. ಅವನಿಗೆ ತಡೆಯಲಾಗಿರಲಿಲ್ಲ.

"ಇನ್ನ ಬೇಗಂಸಾಹೇಬರೂ ಇಲ್ಲ, ಬಂದೇಸಾಬರೂ ಇಲ್ಲ. ಈಗರೆ ನಾಲ್ಕು ಮಂದ್ಯಾಗ ನಾ ಹೇಳಿಬಿಡ್ತೇನ್ರಿ ಮಾಸ್ತರ್ರ, ನಿಮಗ ಗೊತ್ತಿರಲಿಲ್ಲ ಅಂತ. ನೀವು ಹೇಳಿದ್ದು ಸುಳ್ಳು ಅಂತ."

ನಾನು ಸುಳ್ಳು ಹೇಳಿದ್ದೆ ಎಂದು ಗೊತ್ತಾದರೆ ಊರು ಮೊದಲು ಅನುಮಾನಪಡುವುದು ಯಾವುದನ್ನು ಎಂದು ಅವನಿಗೆ ಹೊಳೆದಿರಲಿಲ್ಲ. ಮಾಸ್ತರನಿಗೇ ಗೊತ್ತಿರಲಿಲ್ಲ ಎಂದರೆ ಕೂಸು ಇತ್ತು ಎಂದು ಯಾರ ಮಾತಿನ ಮೇಲೆ ನಂಬುವುದು? ಮೆಹರ್ ಎಂಬ ಹೆಸರು ಇನ್ನೊಂದು ಸಲ ಮಣ್ಣಿಗೆ ಹೋಗುತ್ತಿತ್ತು.

ಜೀವಮಾನವೆಲ್ಲ ಕಂಡವರ ತಪ್ಪು ತಿದ್ದಿದವನು ನಾನು. ಉಳಿವೆಪ್ಪನ ಕೈ ಹಿಡಿದುಕೊಂಡು ಅಂದೆ.

"ಬ್ಯಾಡೋ. ಹಂಗ ಇರಲಿ."